ಅಪ್‌ಡೇಟ್: ಆಟ ಬಿಟ್ಟು ಬರಲು ಒಪ್ಪದ ಮಗಳು

ನಾಲ್ಕು ವರ್ಷದ ಮಗಳು ಆಟ ಸಾಕು ಅಂದ ಕೂಡಲೇ ನೆಲಕ್ಕೆ ಬಿದ್ದು ಕಿರುಚುತ್ತಾಳೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಹೆಚ್ಚು ಕೆಲಸಕ್ಕೆ ಬಂದಿದ್ದು ಮುಂಚೆಯೇ ಹೇಳಿಡುವ ಉಪಾಯ. "ಇನ್ನು ಐದು ನಿಮಿಷ" ಅಂದರೆ ಅವಳಿಗೆ ಏನೂ ತಿಳಿಯುವುದಿಲ್ಲ. ಈ ವಯಸ್ಸಿಗೆ ನಿಮಿಷದ ಅಂದಾಜು ಎಲ್ಲಿರುತ್ತದೆ, ಅಲ್ವಾ? "ಇನ್ನು ಮೂರು ಸಲ ಜಾರು, ಆಮೇಲೆ ಹೊರಡೋಣ" ಅಂದರೆ ಅವಳೇ ಎಣಿಸುತ್ತಾಳೆ. ಕೊನೆಯ ಸಲ ಜಾರಿ ಬಂದು ತಾನೇ ಚಪ್ಪಲಿ ಹಾಕಿಕೊಳ್ಳುತ್ತಾಳೆ. ಎಡದ್ದು ಬಲಕ್ಕೆ ಹೋಗುತ್ತದೆ, ಪರವಾಗಿಲ್ಲ. ಮನೆ ಬಾಗಿಲು ತೆಗೆಯುವ ಕೆಲಸವೂ ಅವಳದ್ದೇ. ಆ ಅಧಿಕಾರ ಅವಳಿಗೆ ಬಹಳ ಇಷ್ಟ.

ನಿದ್ದೆ ಗಮನಿಸಿ ಎಂದು ಒಬ್ಬರು ಬರೆದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯಂತೆ 3-4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ, ಕನಿಷ್ಠ 180 ನಿಮಿಷ ಓಡಾಟ ಬೇಕು. ನಿದ್ದೆ ಕಡಿಮೆಯಾದ ದಿನ ಇವಳ ರಂಪ ಜಾಸ್ತಿ. ಈಗ ಬೇಗ ಮಲಗಿಸುತ್ತಿದ್ದೇವೆ.

ಕಿರುಚಾಟ ಪೂರ್ತಿ ನಿಂತಿಲ್ಲ. ಶುರುವಾದಾಗ ಪಕ್ಕದಲ್ಲಿ ಸುಮ್ನೆ ಕೂರುತ್ತೇನೆ. ಆ ಹೊತ್ತಲ್ಲಿ ಬುದ್ಧಿ ಹೇಳಿದರೆ ಕಿವಿಗೆ ಬೀಳುವುದೇ ಇಲ್ಲ. ಅಳು ಇಳಿದ ಮೇಲೆ "ಇನ್ನೂ ಆಡಬೇಕಿತ್ತಾ, ಬೇಜಾರಾಯ್ತಾ?" ಅಂದರೆ ತಲೆಯಾಡಿಸಿ ಮಡಿಲಿಗೆ ಬರುತ್ತಾಳೆ.

ಹಟ ಮುರಿಯಲೇಬೇಕು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವಳು ಕಲಿತಿದ್ದು ಅದೇ ಹಟದಿಂದ.

ಸ್ನಾನ ಇನ್ನೂ ಕಷ್ಟ. ತಲೆಗೆ ನೀರು ಹಾಕಿಸಿಕೊಳ್ಳಲು ಒಪ್ಪಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.