ಅಪ್‌ಡೇಟ್: ಹೊಸ ಹೆಸರು ಸರಿಯಾಗಿ ಬರ್ತಿವೆ, ಹಳೇವು ಹೋದವು

ಹೋದ ವಾರ ಕೇಳಿದ್ದೆನಲ್ಲ, ಇಳಕಲ್‌ನ ನಮ್ಮ ಕಾಕಾನ ಸೀರೆ ಅಂಗಡಿಯ ಬಿಲ್ಲಿಂಗ್‌ನಲ್ಲಿ ಗಿರಾಕಿಗಳ ಕನ್ನಡ ಹೆಸರೆಲ್ಲ ???? ಆಗುತ್ತಿವೆ ಅಂತ, ಅದು ಸರಿಹೋಯಿತು.

ತಪ್ಪು ನನ್ನದೇ. ಸರ್ವರ್ ಹಳೇ ಮೈಎಸ್‌ಕ್ಯೂಎಲ್ 5.7 (ಡೇಟಾ ಇಡುವ ಸಾಫ್ಟ್‌ವೇರ್), ಅದರಲ್ಲಿ ನಾವೇನೂ ಹೇಳದಿದ್ದರೆ ಕನ್ನಡವೇ ಇಲ್ಲದ ಲ್ಯಾಟಿನ್1 ಅನ್ನೋ ಅಕ್ಷರ ಸಂಕೇತ ಕೂರುತ್ತದೆ (8.0ರಿಂದ ಕನ್ನಡ, ಎಮೋಜಿ ಎಲ್ಲ ಹಿಡಿಯುವ ಯುಟಿಎಫ್8ಎಂಬಿ4). ನಾನು ಡೇಟಾಬೇಸ್‌ಗೆ ಮಾತ್ರ ಆಲ್ಟರ್ (ಸಂಕೇತ ಬದಲಿಸುವ ಆದೇಶ) ಕೊಟ್ಟು ಸುಮ್ನೆ ಕೂತಿದ್ದೆ. ಅದು ಮುಂದೆ ಮಾಡುವ ಟೇಬಲ್‌ಗಳಿಗಷ್ಟೇ ಅಂತ ನೀವು ಹೇಳಿದ ಮೇಲೆ ಗೊತ್ತಾಯಿತು. ಬ್ಯಾಕಪ್ ತಗೊಂಡು ಒಂದೊಂದೇ ಟೇಬಲ್ ಕನ್ವರ್ಟ್ ಮಾಡಿದೆ, ಕನೆಕ್ಷನ್‌ಗೂ ಯುಟಿಎಫ್8ಎಂಬಿ4 ಹಾಕಿದೆ.

ಒಂದು ಮಜಾ ನೋಡಿ. 'ಶಾಂತವ್ವ' ಕಣ್ಣಿಗೆ ಮೂರೇ ಅಕ್ಷರ, ಆದರೆ ಏಳು ಪ್ರಶ್ನೆ ಚಿಹ್ನೆ ಬಿದ್ದಿದ್ದವು. ದೀರ್ಘ, ಸೊನ್ನೆ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕವಂತೆ!

ಹೀಗೆ ಲೆಕ್ಕವಾಗುವ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್ ಸಾಕು, ಮೈಎಸ್‌ಕ್ಯೂಎಲ್‌ನ ಮೂರು ಬೈಟ್‌ವರೆಗಿನ ಬರೀ ಯುಟಿಎಫ್8 ಇದ್ದರೂ ನಡೆಯುತ್ತಿತ್ತು. ಆದರೆ ಕಾಕಾ ಪ್ರತಿ ಬಿಲ್ಲಿನ ಕೆಳಗೆ ಕೈಮುಗಿಯುವ ಎಮೋಜಿ ಹಾಕುತ್ತಾರೆ, ಅದಕ್ಕೆ ನಾಲ್ಕು ಬೇಕು.

ಹಳೇ ಹೆಸರು ಮಾತ್ರ ವಾಪಸ್ ಬರಲ್ಲ. ಅಲ್ಲಿ ಉಳಿದಿರೋದು ನಿಜವಾಗಿಯೂ ಪ್ರಶ್ನೆ ಚಿಹ್ನೆಯೇ, ಯಾವ ಕನ್ವರ್ಟ್‌ನಿಂದಲೂ ಏನೂ ಆಗಲ್ಲ. ಈಗ ಉದ್ರಿ ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಟೈಪ್ ಮಾಡುತ್ತಿದ್ದೇನೆ, ಕಾಕಾನ ಕೈಬರಹ ಓದೋದೇ ಜಾಸ್ತಿ ಕಷ್ಟ.