‘ಕೈಕೆತ್ತನೆ’ ಎಂದು ಯಾವುದನ್ನು ಕರೆಯಬೇಕು?

ಪ್ರಶ್ನೆ: ಹಿತ್ತಾಳೆ ಕೀಚೈನು, ಬೆಳ್ಳಿ ಪದಕಗಳ ಮೇಲೆ ಹೆಸರು ಕೊರೆದು ಮಾರಲು ಹೊರಟವರಿಗೆ ಮಾಲಿಗೆ ಅಂಟಿಸುವ ಚೀಟಿಯ ಒಕ್ಕಣೆ ಬೇಕಾಗಿದೆ. ಎನ್‌ಗ್ರೇವಿಂಗ್, ಎಚಿಂಗ್, ಎಂಬಾಸಿಂಗ್ ಮೂರನ್ನೂ ಜನ ‘ಕೆತ್ತನೆ’ ಅಂತಲೇ ಅನ್ನುತ್ತಾರೆ. ಬೇರೆ ಬೇರೆ ಪದ ಬೇಕೇ? ‘ಕಂಡರಣೆ’ ನಡೆಯುತ್ತದೆಯೇ? ಲೋಹ ಕೊರೆಯುವ ಮೊನೆಯ ಉಪಕರಣವಾದ ಗ್ರೇವರ್‌ಗೆ ‘ಉಳಿ’ ಸಾಕೇ?

ಉತ್ತರ: ಬೇರೆ ಪದ ಬೇಕೇ ಬೇಕು, ಕೊಳ್ಳುವವರು ದುಡ್ಡು ಕೊಡುವುದೇ ಆ ವ್ಯತ್ಯಾಸಕ್ಕೆ. ಗುರುತು ಸುಲಭ: ಲೋಹ ಸುರುಳಿಯಾಗಿ ಎದ್ದು ಹೊರಬಂದರೆ ಅದು ಕೆತ್ತನೆ. ಹಿಂದಿನಿಂದ ತಟ್ಟಿ ಮೇಲೆಬ್ಬಿಸಿದ್ದು ಉಬ್ಬುಕೆಲಸ (ಎಂಬಾಸಿಂಗ್), ಅಲ್ಲಿ ಲೋಹ ಜರುಗುತ್ತದೆಯೇ ಹೊರತು ಹೋಗುವುದಿಲ್ಲ. ದ್ರಾವಣ ತಿಂದದ್ದು ಎಚಿಂಗ್. ಅದನ್ನು ಹಾಗೆಯೇ ಕರೆಯುವುದು ವಾಸಿ. ‘ಆಸಿಡ್ ಕೆತ್ತನೆ’ ಎಂಬುದು ಎರಡು ಕಡೆಯೂ ತಪ್ಪು: ಕೆತ್ತಿದ್ದಲ್ಲ, ತಾಮ್ರ ಹಿತ್ತಾಳೆಗೆ ಸಾಮಾನ್ಯವಾಗಿ ಬಳಸುವ ಫೆರಿಕ್ ಕ್ಲೋರೈಡ್ ಲವಣವೇ ಹೊರತು ಆಸಿಡ್ ಅಲ್ಲ. ವಜ್ರದ ಮೊನೆ ಎಳೆಯುವ ಯಂತ್ರದ್ದು ಹೆಚ್ಚುಕಮ್ಮಿ ಗೀರು. ಲೇಸರ್ ಆದರೆ ಲೇಸರ್ ಎಂದೇ ಬರೆಯಿರಿ.

‘ಕಂಡರಿಸು’, ಅಂದರೆ ಕೊರೆ, ಶಾಸನಗಳ ಕಾಲದ ಮಾತು. ಅಕ್ಷರ ಕೊರೆದವನು ಅಲ್ಲಿ ‘ರೂವಾರಿ’. ಇಂದು ರೂವಾರಿ ಎಂದರೆ ಯೋಜನೆ ಹೂಡಿದವನಾಗಿದ್ದಾನೆ, ಉಳಿ ಹಿಡಿದವನಲ್ಲ. ಕಂಡರಣೆ ಅಂಗಡಿಯ ಹೆಸರಿಗೆ ಸೊಗಸು, ಚೀಟಿಯಲ್ಲಿ ಅರ್ಥವಾಗದು.

ಉಳಿ, ಚಾಣ ಎಂದೊಡನೆ ಸುತ್ತಿಗೆ ನೆನಪಾಗುತ್ತದೆ. ಗ್ರೇವರನ್ನು ಅಂಗೈಯಿಂದ ತಳ್ಳುತ್ತಾರೆ. ಆ ಹೆಸರೇ ಇರಲಿ.

ಇನ್ನೊಂದು ಉತ್ತರ: ಮೇಲಿನದಕ್ಕೆ ಒಂದು ತಿದ್ದುಪಡಿ. ಸುತ್ತಿಗೆಯಿಂದ ಹೊಡೆದು ಓಡಿಸುವ ಗ್ರೇವರ್‌ಗಳೂ ಇವೆ, ಉಕ್ಕಿನ ಮೇಲೆ ಹೆಚ್ಚಾಗಿ. ಗಾಳಿಯ ಒತ್ತಡದಲ್ಲಿ ಓಡುವವೂ ಇವೆ. ಕೈ ನಡೆಸುವವರೆಗೆ ಅದೂ ಕೈಕೆತ್ತನೆಯೇ.

‘ಅಭ್ಯಾಸದ ತಗಡು’, ‘ಮಾರುವ ಮಾಲು’ ಎಂಬ ಎರಡು ಮಾತಿನ ನಡುವಿನ ಗೆರೆಯನ್ನೂ ಗಟ್ಟಿ ಮಾಡಿಕೊಳ್ಳಬೇಕು. ಕೈ ಪಳಗಿದೆಯೇ ಎಂಬ ಪರೀಕ್ಷೆ ಹೀಗೆ: 1 ಮಿ.ಮೀ. ತಾಮ್ರದ ತಗಡಿನಲ್ಲಿ 10 ಮಿ.ಮೀ. ಅಗಲದೊಳಗೆ ಹತ್ತು ಸಮಾನಾಂತರ ಗೆರೆ ಎಳೆಯಿರಿ. ಓರೆ ಬೆಳಕಿಗೆ ಹಿಡಿದಾಗ ಒಂದು ಗೆರೆ ಮಾತ್ರ ಹೆಚ್ಚು ಹೊಳೆದರೆ ಆಳ ಏರುಪೇರಾಗಿದೆ. ಆಮೇಲೆ 4 ಮಿ.ಮೀ. ಎತ್ತರದ ‘ಶ್ರೀ’. ಬಾಗುವಲ್ಲಿ ಉಪಕರಣ ತಿರುಗಿಸದೆ ತಗಡನ್ನೇ ತಿರುಗಿಸಬೇಕು; ಇಲ್ಲದಿದ್ದರೆ ಉಪಕರಣದ ಹಿಮ್ಮಡಿ ತಾಗಿ ಹೊರ ಅಂಚು ನಜ್ಜಾಗುತ್ತದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡದೆ ಗುರುತು ಹಾಕಿದರೆ ಕೊನೆಗೆ ಅದನ್ನು ಪದಕದ ಅಂಚಿಗೆ ತುರುಕಬೇಕಾಗುತ್ತದೆ, ಕನ್ನಡದ ಹೆಸರುಗಳಲ್ಲಿ ಇದೇ ದೊಡ್ಡ ಫಜೀತಿ.

‘ಹಿಮ್ಮಡಿ’ ಎಂದದ್ದು ಮೊನೆಯ ಕೆಳಗಿನ ಸಣ್ಣ ಓರೆಗೆ, ಇಂಗ್ಲಿಷಿನ ಹೀಲ್‌ಗೆ. ಅದಕ್ಕೆ 15ರಿಂದ 20 ಡಿಗ್ರಿ, ಮೊನೆಯ ಮುಂದಿನ ಮುಖಕ್ಕೆ 45 ಡಿಗ್ರಿ ಸಾಮಾನ್ಯ. ಹಿಮ್ಮಡಿಗೆ ಪಾಲಿಶ್ ಕೊಟ್ಟರೆ ಕೊರೆದ ಗೆರೆ ತಾನಾಗಿ ಹೊಳೆಯುತ್ತದೆ. ಮೊಂಡಾದ ಮೊನೆ ಜಾರುತ್ತದೆ, ಅಂಚಿನಲ್ಲಿ ಸಿಬಿರು ಎಬ್ಬಿಸುತ್ತದೆ. ಉಗುರಿನ ಮೇಲೆ ಮೆಲ್ಲಗಿಟ್ಟಾಗ ಕಚ್ಚಿಕೊಳ್ಳದೆ ಜಾರಿದರೆ ಮತ್ತೆ ಮಸೆಯಬೇಕು. ಜಾರಿದ ಗೀರು ಆಳವಿಲ್ಲದಿದ್ದರೆ ಕೆರೆದು, ಉಜ್ಜಿ ಮರೆಸಬಹುದು.

ಚೀಟಿಯಲ್ಲಿ ‘ಬೆಳ್ಳಿ’ ಮತ್ತು ‘ಬೆಳ್ಳಿ ಲೇಪ’ವನ್ನಂತೂ ಬೆರೆಸಬೇಡಿ. ಲೇಪದ ಮೇಲೆ ಕೆತ್ತಿದರೆ ಗೆರೆಯೊಳಗೆ ಅಡಿಯ ಹಿತ್ತಾಳೆ ಹಳದಿಯಾಗಿ ಕಾಣುತ್ತದೆ, ಬೇಗ ಕಪ್ಪಾಗುತ್ತದೆ. ಹಾಗಾಗದಂತೆ ಕೆತ್ತಿದ ಮೇಲೆ ಲೇಪ ಕೊಟ್ಟಿದ್ದರೆ ಒಕ್ಕಣೆ ಹೀಗಿರಲಿ: ‘ಹಿತ್ತಾಳೆ, ಕೈಕೆತ್ತನೆ, ಕೆತ್ತಿದ ಮೇಲೆ ಬೆಳ್ಳಿ ಲೇಪ’.