'ಸ್ಟಾರ್ಟಪ್ ಕಮಾಂಡ್': ಶುರುವಾಗುವುದು ಯಾವುದು, ಓಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಂದು ಟೀಮಕ್ಸ್ ಬಗ್ಗೆ ಕನ್ನಡದಲ್ಲಿ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕಮಾಂಡ್ ಟೈಪ್ ಮಾಡುವ ಒಂದೇ ಟರ್ಮಿನಲ್‌ನಲ್ಲಿ ಹಲವು ವಿಂಡೋ ತೆರೆದಿಟ್ಟು, ನೆಟ್ ಕಡಿದುಹೋದರೂ ಒಳಗಿನ ಕೆಲಸ ನಿಲ್ಲದಂತೆ ಕಾಯುವ ತಂತ್ರಾಂಶ ಅದು; 1987ರ 'ಸ್ಕ್ರೀನ್' ಎಂಬ ಇಂಥದೇ ತಂತ್ರಾಂಶದ ಹಾದಿಯಲ್ಲೇ 2007ರಲ್ಲಿ ಬಂದದ್ದು. ಸೆಶನ್ (ವಿಂಡೋಗಳ ಒಂದು ಗುಂಪು), ವಿಂಡೋ, ಸರ್ವರ್ (ಸೆಶನ್‌ಗಳನ್ನೆಲ್ಲ ಹಿನ್ನೆಲೆಯಲ್ಲಿ ನಡೆಸುವ ಟೀಮಕ್ಸ್‌ನ ಭಾಗ), ಶೆಲ್ (ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ತಂತ್ರಾಂಶ) ಎಂಬ ಇಂಗ್ಲಿಷ್ ಪದಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ. ಸಿಕ್ಕಿಕೊಂಡದ್ದು 'ಸ್ಟಾರ್ಟಪ್‌ನಲ್ಲಿ ಕಮಾಂಡ್ ರನ್ ಆಗುವುದು' ಎಂಬಲ್ಲಿ.

ಮೊದಲು 'ಶುರುವಾದಾಗ ತಾನಾಗಿ ಓಡುವ ಕಮಾಂಡ್' ಎಂದು ಬರೆದೆ. ಓದಿದ ಗೆಳತಿ ಕೇಳಿದಳು: "ಶುರುವಾಗೋದು ಯಾವ್ದು? ಕಂಪ್ಯೂಟರಾ, ಟೀಮಕ್ಸಾ, ಸೆಶನ್ನಾ?" ನ್ಯಾಯವಾದ ಪ್ರಶ್ನೆ. ಇಂಥ ಕಮಾಂಡುಗಳನ್ನು ಬರೆದಿಡುವ ಕಾನ್ಫಿಗ್ (ಹೊಂದಿಕೆಗಳ) ಕಡತವನ್ನು ಟೀಮಕ್ಸ್ ಓದುವುದು ಸರ್ವರ್ ಏಳುವಾಗ ಒಂದೇ ಸಲ. ಸರ್ವರ್ ಇರುವಾಗಲೇ ಎರಡನೇ ಸೆಶನ್ ತೆರೆದರೆ, ನಾವಾಗಿ ಓದಿಸದ ಹೊರತು ಮತ್ತೆ ಓದುವುದಿಲ್ಲ. 'ಸ್ಟಾರ್ಟಪ್' ಎಂಬ ನಾಮಪದ ಯಾವುದರ ಶುರು ಎಂದು ಹೇಳದೆಯೇ ನಿಲ್ಲುತ್ತದೆ. ನಮ್ಮ 'ಶುರುವಾದಾಗ' ಕರ್ತೃಪದ ಬೇಡುತ್ತದೆ. ಹಾಗಾಗಿ 'ಸರ್ವರ್ ಎದ್ದಾಗ' ಎಂದು ಬದಲಿಸಿದೆ. ಸರ್ವರ್ ಮಲಗಿದೆ ಎಂದು ದಿನವೂ ಹೇಳುವ ನಮಗೆ ಏಳುವುದು ಒಗ್ಗಬೇಕಲ್ಲವೇ?

ಹೆಚ್ಚು ಕಾಡುತ್ತಿರುವುದು 'ರನ್'. ಇಲ್ಲಿ ಎರಡು ಬೇರೆ ಕೆಲಸಗಳಿವೆ. ವಿಂಡೋ ತೆರೆಯುವಾಗಲೇ ಕಮಾಂಡನ್ನೂ ಜೊತೆಗೆ ಕೊಟ್ಟರೆ, ಅದು ಮುಗಿದೊಡನೆ ವಿಂಡೋವೂ ಹೋಗುತ್ತದೆ. 'ಡೇಟ್' ಎಂಬ ಕಮಾಂಡ್ ಕೊಟ್ಟು ನೋಡಿ, ದಿನಾಂಕ ಕಣ್ಣಿಗೆ ಬೀಳುವ ಮೊದಲೇ ವಿಂಡೋ ಮಾಯ. ಅದರ ಬದಲು ಟೀಮಕ್ಸ್‌ನ 'ಸೆಂಡ್-ಕೀಸ್' ಕಮಾಂಡ್ ಬಳಸಿದರೆ ನಾವೇ ಕೂತು ಟೈಪ್ ಮಾಡಿದ ಹಾಗೆ ಅಕ್ಷರಗಳು ಶೆಲ್‌ಗೆ ಹೋಗುತ್ತವೆ. ದಿನಾಂಕ ಅಚ್ಚಾಗುತ್ತದೆ, ಶೆಲ್ ಮುಂದಿನ ಮಾತಿಗೆ ಕಾದಿರುತ್ತದೆ. ಕೊನೆಗೆ 'ಎಂಟರ್' ಸೇರಿಸುವುದು ಮರೆತರೆ ಕಮಾಂಡ್ ಬರೆದ ಸಾಲಿನಲ್ಲೇ ನಿಂತಿರುತ್ತದೆ. ಎರಡಕ್ಕೂ 'ಚಲಾಯಿಸು' ಎಂದುಬಿಟ್ಟರೆ ಓದಿದವರು ಎಡವುವುದು ಖಂಡಿತ.

ಮೊದಲನೆಯದಕ್ಕೆ 'ಓಡಿಸು' ಸಾಕು. ಎರಡನೆಯದಕ್ಕೆ ಸ್ಕ್ರೀನ್‌ನಲ್ಲಿರುವ ಹೆಸರು 'ಸ್ಟಫ್'. ಅದನ್ನು 'ತುರುಕು' ಎನ್ನಬಹುದು, ಆದರೆ ಅದರಲ್ಲಿ ಬಲವಂತದ ಛಾಯೆ ಇದೆ. ನನ್ನ ಮನಸ್ಸು 'ಊಡು' ಕಡೆ ವಾಲುತ್ತಿದೆ: ಕರುವಿಗೆ ಹಾಲೂಡಿದಂತೆ ಶೆಲ್‌ಗೆ ಅಕ್ಷರ ಊಡುವುದು. ನಿಮ್ಮ ಕಡೆ ಈ ಮಾತು ಬಳಕೆಯಲ್ಲಿದೆಯೇ? ಇಪ್ಪತ್ತರ ಹರೆಯದವರಿಗೆ ವಿವರಣೆಯಿಲ್ಲದೆ ತಿಳಿದೀತೇ, ಇಲ್ಲವೇ ಸುಮ್ಮನೆ 'ಟೈಪ್ ಮಾಡಿಸು' ಎಂದು ಬರೆಯಲೇ?